ಗಣೇಶಖಿಂಡದ ದೊಡ್ಡಮನೆ

ಪುಣೆ ವಿದ್ಯಾಪೀಠದ ಮುಖ್ಯ ಕಟ್ಟಡದ ಬಗ್ಗೆ ಎಲ್ಲಿ ಓದಿದರೂ, ಯಾರನ್ನು ಕೇಳಿದರೂ ಮೊದಲು ಸಿಗುವ ಮಾತು ಒಂದೇ: ಇದು ವಿಕ್ಟೋರಿಯಾ ರಾಣಿಯ ಆಸ್ಬರ್ನ್ ಹೌಸಿನ ಮಾದರಿಯಲ್ಲಿ ಕಟ್ಟಿದ್ದು. ಹೇಳುವವರು ಅದನ್ನು ಹೊಗಳಿಕೆಯಾಗಿಯೇ ಹೇಳುತ್ತಾರೆ. ಮೂಲ ಯಾವುದೆಂದು ಗೊತ್ತಾದ ಮೇಲೆ ಕಟ್ಟಡವನ್ನು ನೋಡುವ ಕೆಲಸವೇ ಮುಗಿದುಹೋಯಿತು ಎಂಬಂತೆ. ಸಿನಿಮಾ ನೋಡಿ ಬಂದವರು 'ಅದು ಕೊರಿಯನ್ ಚಿತ್ರದ ರೀಮೇಕು ಕಣ್ರೀ' ಎಂದು ಹೇಳಿ ಸುಮ್ಮನಾದ ಹಾಗೆ. ರೀಮೇಕಾದರೆ ಏನನ್ನು ಉಳಿಸಿಕೊಂಡರು, ಏನನ್ನು ಬದಲಿಸಿದರು, ಬದಲಿಸಿದ್ದರಿಂದ ಒಳ್ಳೆಯದಾಯಿತೋ ಕೆಟ್ಟಿತೋ ಎಂದು ಕೇಳುವುದು ಬೇಡವೇ? ನನ್ನ ವಾದ ಇಷ್ಟು: ಗಣೇಶಖಿಂಡದ ಈ ಮನೆ ಆಸ್ಬರ್ನನ್ನು ಅನುಸರಿಸಿದ ಕಡೆಗಳಲ್ಲಿ ಸಾಧಾರಣವಾಗಿದೆ, ಅನುಸರಿಸಲಾಗದೆ ಹೋದ ಕಡೆಗಳಲ್ಲಿ ಚೆನ್ನಾಗಿದೆ. ನಮ್ಮ ಪಾರಂಪರಿಕ ಕಟ್ಟಡಗಳ ಪ್ರೇಮಿಗಳು ಇದನ್ನು ತಲೆಕೆಳಗಾಗಿ ಓದುತ್ತಿದ್ದಾರೆ.

ಮೊದಲು ಮೂಲದ ಮನೆ. ಇಂಗ್ಲೆಂಡಿನ ದಕ್ಷಿಣಕ್ಕಿರುವ ವೈಟ್ ದ್ವೀಪದಲ್ಲಿ 1845ರಿಂದ 1851ರವರೆಗೆ ಆಸ್ಬರ್ನ್ ಹೌಸ್ ಎದ್ದಿತು. ರಾಣಿಯ ಗಂಡ ಪ್ರಿನ್ಸ್ ಆಲ್ಬರ್ಟನೇ ಅದರ ಕಲ್ಪನೆಗಾರ. ಕಟ್ಟಿದವನು ಥಾಮಸ್ ಕ್ಯೂಬಿಟ್, ಲಂಡನ್ನಿನಲ್ಲಿ ಸಾಲುಸಾಲು ಮನೆ ಕಟ್ಟಿ ಹೆಸರಾದ ಕಂಟ್ರಾಕ್ಟರು. ದ್ವೀಪದ ದಡದಿಂದ ಕಾಣುವ ಸಮುದ್ರ ಆಲ್ಬರ್ಟನಿಗೆ ನೇಪಲ್ಸಿನ ಕೊಲ್ಲಿಯನ್ನು ನೆನಪಿಸಿತಂತೆ. ಹಾಗಾಗಿ ಮನೆ ಇಟಲಿಯ ವಿಲ್ಲಾದ ರೂಪ ತಾಳಿತು: ಅರ್ಧವೃತ್ತದ ಕಮಾನುಗಳು, ಸಪಾಟಾದ ಮಾಡು, ಚಚ್ಚೌಕದ ಎರಡು ಗೋಪುರ. ಒಂದರ ಮೇಲೆ ಬಾವುಟ, ಇನ್ನೊಂದರಲ್ಲಿ ಗಡಿಯಾರ. ಅಂದರೆ ಆಸ್ಬರ್ನ್ ಕೂಡ ಮತ್ತೊಂದರ ನೆನಪೇ. ಇಟಲಿಯ ಕಲ್ಲಿನ ನೆನಪನ್ನು ಇಟ್ಟಿಗೆಯಲ್ಲಿ ಕಟ್ಟಿ, ಮೇಲೆ ಸಿಮೆಂಟು ಬಳಿದು, ಕಲ್ಲಿನಂತೆ ಕಾಣುವ ಹಾಗೆ ಮಾಡಿದ್ದರು. ಆ ಗಾರೆಯ ಸಂಗತಿಗೆ ಮತ್ತೆ ಬರುತ್ತೇನೆ.

ಆ ಮನೆಯ ಉದ್ದೇಶ ಸರಳ. ರಾಣಿಗೆ ಅರಮನೆಗಳಿದ್ದವು, ಮನೆ ಇರಲಿಲ್ಲ. ಮಕ್ಕಳನ್ನು ಕಟ್ಟಿಕೊಂಡು ದರ್ಬಾರಿನ ಕಣ್ಣಿನಿಂದ ತಪ್ಪಿಸಿಕೊಂಡು ಇರುವುದಕ್ಕೆ ಆಸ್ಬರ್ನ್. ಆದ್ದರಿಂದಲೇ ಅಲ್ಲಿ ಮನೆಮಂದಿಯ ಭಾಗ ಮೊದಲು ಎದ್ದಿತು, ಪರಿವಾರದವರ ಭಾಗ ಆಮೇಲೆ ಬಂದು ಜೋಡಿಕೊಂಡಿತು.

'ಕಂಟ್ರಿ ಹೌಸ್' ಎಂಬುದನ್ನು ಕನ್ನಡದಲ್ಲಿ ಏನೆನ್ನಬೇಕೋ ತಿಳಿಯದು. 'ಹಳ್ಳಿಮನೆ' ಎಂದರೆ ಮಲ್ಲೇಶ್ವರದ ಹೋಟೆಲು ನೆನಪಾಗುತ್ತದೆ. ಅರ್ಥದಲ್ಲಿ ಹತ್ತಿರವಿರುವುದು ಉತ್ತರ ಕರ್ನಾಟಕದ ದೇಸಾಯರ ವಾಡೆ: ಸುತ್ತಲಿನ ಭೂಮಿಯ ಗೇಣಿಯಿಂದ ಬದುಕುವ, ಆ ಭೂಮಿಯ ಮೇಲಿನ ಹಕ್ಕನ್ನು ಕಟ್ಟಡದ ಗಾತ್ರದಲ್ಲಿ ಸಾರುವ ದೊಡ್ಡಮನೆ. ಆದರೆ ರೂಪದಲ್ಲಿ ಎರಡೂ ಬೇರೆ ಬೇರೆ. ವಾಡೆ ಒಳಮುಖ. ಬೀದಿಗೆ ಎತ್ತರದ ಗೋಡೆ, ದೊಡ್ಡ ಬಾಗಿಲಿನಲ್ಲಿ ತಲೆ ಬಗ್ಗಿಸಿ ನುಗ್ಗುವ ದಿಡ್ಡಿ ಬಾಗಿಲು, ಒಳಗೆ ಅಂಗಳ, ಅಂಗಳದ ಸುತ್ತ ಕಂಬದ ಪಡಸಾಲೆ. ಪುಣೆಯಲ್ಲಿ ಎರಡನೇ ಬಾಜೀರಾಯ ಕಟ್ಟಿಸಿದ ವಿಶ್ರಾಮಬಾಗವಾಡೆಯೂ ಇದೇ ಜಾತಿಯದು. ಊರಿನ ನಡುವೆಯೇ ಇದ್ದುಕೊಂಡು ಗೋಡೆಯಿಂದ ಏಕಾಂತ ಪಡೆಯುವ ಉಪಾಯ ಅದು. ಇಂಗ್ಲಿಷ್ ಕಂಟ್ರಿ ಹೌಸಿಗೆ ಗೋಡೆಯ ಹಂಗಿಲ್ಲ. ಅದು ಏಕಾಂತ ಪಡೆಯುವುದು ದೂರದಿಂದ. ಗೇಟು ಎಲ್ಲೋ, ಮನೆ ಇನ್ನೆಲ್ಲೋ. ನಡುವೆ ತಿರುವು ತಿರುವಾದ ದಾರಿ, ಮರಗಳು, ಹುಲ್ಲುಹಾಸು. ಅಷ್ಟು ಬಯಲನ್ನು ಸುಮ್ಮನೆ ಖಾಲಿ ಬಿಡಬಲ್ಲೆವು ಎಂದು ತೋರಿಸುವುದೇ ಅದರ ಸಿರಿವಂತಿಕೆ.

ಗಣೇಶಖಿಂಡ ಆಸ್ಬರ್ನಿನಿಂದ ತಂದುಕೊಂಡ ನಿಜವಾದ ವಸ್ತು ಈ ದೂರ. ಗೋಪುರ, ಕಮಾನುಗಳದ್ದೆಲ್ಲ ಆಮೇಲಿನ ಮಾತು.

ಮುಂಬೈ ಪ್ರಾಂತ್ಯದ ಗವರ್ನರು ಋತುಮಾನಕ್ಕೆ ತಕ್ಕಂತೆ ಊರು ಬದಲಿಸುತ್ತಿದ್ದರು. ಚಳಿಗಾಲ ಮುಂಬೈಯಲ್ಲಿ, ಬೇಸಿಗೆ ಮಹಾಬಳೇಶ್ವರದಲ್ಲಿ, ಮಳೆಗಾಲ ಪುಣೆಯಲ್ಲಿ. ಪುಣೆಯ ವಾಸಕ್ಕೆ ಮೊದಲು ದಾಪೋಡಿಯಲ್ಲಿ ಒಂದು ಬಂಗಲೆ ಇತ್ತು. ಗವರ್ನರ್ ಜಾನ್ ಮಾಲ್ಕಮ್ ಕೊಂಡುಕೊಂಡಿದ್ದು. 1862ರಲ್ಲಿ ಗವರ್ನರಾಗಿ ಬಂದ ಬಾರ್ಟಲ್ ಫ್ರೇರನಿಗೆ ಅದು ಸಾಲಲಿಲ್ಲ. ಮುಂಬೈ ಕೋಟೆಯ ಗೋಡೆಗಳನ್ನೇ ಕೆಡವಿಸಿ ನಗರವನ್ನು ಹೊಸದಾಗಿ ಕಟ್ಟಿಸಲು ಹೊರಟಿದ್ದ ಮನುಷ್ಯ ಅವನು. ಅದೇ ಕೆಲಸದಲ್ಲಿದ್ದ ಜೇಮ್ಸ್ ಟ್ರಬ್‌ಷಾನನ್ನು ವಾಸ್ತುಶಿಲ್ಪಿಯಾಗಿಸಿ 1864ರಲ್ಲಿ ಗಣೇಶಖಿಂಡದ ಕೆಲಸ ಆರಂಭಿಸಿದ. ಮುಗಿಯುವ ಹೊತ್ತಿಗೆ 1871. ಫ್ರೇರ್ ಅಷ್ಟರಲ್ಲಿ ಊರು ಬಿಟ್ಟು ನಾಲ್ಕು ವರ್ಷವಾಗಿತ್ತು. ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡ ನೋಡಿದವರಿಗೆ ಟ್ರಬ್‌ಷಾನ ಕೈ ಗೊತ್ತಿರುತ್ತದೆ. ಎಷ್ಟು ಅಲಂಕಾರ ಸಾಕು ಎಂಬ ಅಂದಾಜು ಅವನಿಗೆ ಕಡಿಮೆ.

ಈ ಇಸವಿಗಳನ್ನು ಗಮನಿಸಿ. ಅಮೆರಿಕದ ಅಂತರ್ಯುದ್ಧ 1861ರಿಂದ 1865. ಅಲ್ಲಿನ ಹತ್ತಿ ಲ್ಯಾಂಕಾಷೈರಿನ ಗಿರಣಿಗಳಿಗೆ ಬರುವುದು ನಿಂತು, ಮುಂಬೈ ಬಂದರಿನಿಂದ ಹೋಗುವ ಹತ್ತಿಗೆ ಕಂಡು ಕೇಳರಿಯದ ಬೆಲೆ ಬಂತು. ಆ ಹತ್ತಿಯಲ್ಲಿ ನಮ್ಮ ಧಾರವಾಡ ಸೀಮೆಯದೂ ಇತ್ತು. ಅಮೆರಿಕದ ಬೀಜ ತಂದು ಬಿತ್ತಿ ಬೆಳೆಸಿದ ತಳಿ 'ಧಾರವಾಡ-ಅಮೆರಿಕನ್' ಎಂಬ ಹೆಸರಿನಲ್ಲೇ ಮಾರಾಟವಾಗುತ್ತಿತ್ತು. ಅದನ್ನು ಸಾಗಿಸಲು ಕಾರವಾರದ ಬಂದರು ಬೇಕೆಂಬ ಒತ್ತಾಯಕ್ಕೆ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಜಿಲ್ಲೆಯೊಂದರ ಗಡಿ ಹತ್ತಿಗಾಗಿ ಬದಲಾದ ಕಾಲ ಅದು. ಗಣೇಶಖಿಂಡದ ಮನೆಯ ಅಳತೆ ಆ ಕಾಲದ ಅಳತೆ. 1865ರಲ್ಲಿ ಯುದ್ಧ ಮುಗಿಯಿತು, ಮುಂಬೈಯ ಷೇರುಪೇಟೆ ಕುಸಿಯಿತು, ಬ್ಯಾಂಕ್ ಆಫ್ ಬಾಂಬೆ ಮುಳುಗಿತು. ಮನೆಯ ಗಾತ್ರ ಮಾತ್ರ ಹಾಗೆಯೇ ಉಳಿಯಿತು. ಈ ಖರ್ಚಿನ ತಕರಾರು ಲಂಡನ್ನಿನ ಪಾರ್ಲಿಮೆಂಟಿನವರೆಗೂ ಹೋಯಿತು.

ಕಂಟ್ರಿ ಹೌಸಿಗೆ ಎಸ್ಟೇಟು ಇರಬೇಕು, ಗೇಣಿ ಕೊಡುವವರಿರಬೇಕು. ಇದರ ಎಸ್ಟೇಟು ಯಾವುದು? ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಸೇರಿದ ಇಡೀ ಪ್ರಾಂತ್ಯ. ಮಳೆಗಾಲದ ಮೂರು ನಾಲ್ಕು ತಿಂಗಳು ಆ ಜಿಲ್ಲೆಗಳನ್ನು ಆಳುವ ಸರ್ಕಾರ ಪುಣೆಯಲ್ಲೇ ಇರುತ್ತಿತ್ತು. ಪುಣೆಯ ಕನ್ನಡಿಗರಾದ ನಾವು ಇದನ್ನು ಮರಾಠಿಗರ ಊರಿನ ಬ್ರಿಟಿಷ್ ಕಟ್ಟಡ ಎಂದು ಪ್ರವಾಸಿಗರ ಹಾಗೆ ನೋಡುತ್ತೇವೆ. ಆದರೆ ನಮ್ಮ ಮುತ್ತಜ್ಜಂದಿರು ಕಟ್ಟಿದ ಕಂದಾಯವೂ ಈ ಗೋಡೆಯಲ್ಲಿದೆ. ಲೆಕ್ಕ ಕೇಳುವ ಹಕ್ಕು, ಅಂದರೆ ವಿಮರ್ಶೆ ಮಾಡುವ ಹಕ್ಕು, ನಮಗೂ ಇದೆ.

ಇನ್ನು ಕಟ್ಟಡ.

ದೂರದಿಂದ ಮೊದಲು ಕಾಣುವುದು ಗೋಪುರ. ಅದೇ ಇದರ ಸೋಲು ಎಂದು ನನಗೆ ಅನಿಸುತ್ತದೆ. ಆಸ್ಬರ್ನಿನಲ್ಲಿ ಗೋಪುರ ಎರಡು. ಒಂದನ್ನೊಂದು ತೂಗಿಕೊಂಡು, ಕೆಳಗಿನ ಕಟ್ಟಡದ ಏರಿಳಿತಕ್ಕೆ ಅರ್ಥ ಕೊಡುತ್ತವೆ. ಸಮುದ್ರದ ಹಡಗಿನಿಂದ ನೋಡುವವರಿಗೆ ಗುರುತೂ ಆಗುತ್ತವೆ. ಇಲ್ಲಿ ಸಮುದ್ರವಿಲ್ಲ, ಹಡಗಿಲ್ಲ, ಗೋಪುರ ಒಂದೇ. ಉದ್ದಕ್ಕೆ ಚಾಚಿ ಮಲಗಿದ ಕಟ್ಟಡದ ನಡುವಿನಿಂದ ಅದು ತೆಳ್ಳಗೆ, ನೀಳವಾಗಿ ಏಳುತ್ತದೆ. ಅದರ ಕೆಲಸ ಬಾವುಟ ಹಿಡಿಯುವುದು. ಗವರ್ನರು ಮನೆಯಲ್ಲಿದ್ದಾರೆಂದು ಊರಿಗೆ ಸಾರುವುದು. ಯಾರ ಕಣ್ಣಿಗೂ ಬೀಳದಿರಲು ಕಟ್ಟಿದ ಮನೆಯ ರೂಪವನ್ನು ಎಲ್ಲರ ಕಣ್ಣಿಗೂ ಬೀಳಬೇಕಾದ ಅಧಿಕಾರಕ್ಕೆ ತೊಡಿಸಿದಾಗ ಆಗುವ ಗೊಂದಲ ಇಡೀ ಕಟ್ಟಡದಲ್ಲಿದೆ. ಅತಿಥಿಗಳನ್ನು ಬರಮಾಡಿಕೊಳ್ಳುವ ಕೋಣೆಗಳು ಒಂದು ಪಕ್ಕ, ಮನೆಮಂದಿಯ ಕೋಣೆಗಳು ಮತ್ತೊಂದು ಪಕ್ಕ. ಆಸ್ಬರ್ನಿನಲ್ಲಿ ಮನೆಯೇ ಮುಖ್ಯವಾಗಿ ಪರಿವಾರ ಬಾಲವಾದರೆ, ಇಲ್ಲಿ ದರ್ಬಾರು ಮುಖ್ಯವಾಗಿ ಮನೆ ಬಾಲವಾಯಿತು. ನಡುವೆ ಗೋಪುರ ಗಡಿಕಲ್ಲಿನಂತೆ ನಿಂತಿದೆ. ಮಾಡಿನ ರೇಖೆಯೂ ತಡವರಿಸುತ್ತದೆ. ಇಟಲಿಯದೋ ಫ್ರಾನ್ಸಿನದೋ ತೀರ್ಮಾನವಾಗದೆ ಎರಡನ್ನೂ ಒಂದಿಷ್ಟು ಬಡಿಸಿದ ಎಲೆಯ ಹಾಗಿದೆ.

ಈಗ ಹತ್ತಿರ ಬನ್ನಿ. ಗೋಡೆಯನ್ನು ಮುಟ್ಟಿ ನೋಡಿ. ಇದು ದಖ್ಖನ್ನಿನ ಬೂದುಗಪ್ಪು ಕಲ್ಲು, ಬಸಾಲ್ಟ್. ಲಾವಾ ಹರಿದು ಆರಿ ಹೆಪ್ಪುಗಟ್ಟಿದ್ದು. ಶನಿವಾರವಾಡೆಯ ಕೋಟೆಗೋಡೆಗೂ, ಅಜಂತಾ ಎಲ್ಲೋರಾದ ಗುಹೆಗಳಿಗೂ ಇದೇ ಕಲ್ಲು. ಕೆಲಸಕ್ಕೆ ಬಹಳ ಗಟ್ಟಿ. ಸೂಕ್ಷ್ಮ ಕೆತ್ತನೆಗೆ ಬೇಲೂರಿನ ಬಳಪದ ಕಲ್ಲಿನ ಹಾಗೆ ಸುಲಭಕ್ಕೆ ಬಗ್ಗುವುದಿಲ್ಲ. ಇಟಲಿಯ ವಿಲ್ಲಾದ ನಯ, ಆಸ್ಬರ್ನಿನ ಹಳದಿಮಿಶ್ರಿತ ನುಣುಪು ಇದರಲ್ಲಿ ಬರುವ ಮಾತೇ ಇಲ್ಲ. ಟ್ರಬ್‌ಷಾ ಎಷ್ಟೇ ಆಸೆಪಟ್ಟಿದ್ದರೂ ಈ ಕಲ್ಲು 'ಇಷ್ಟು ಸಾಕು' ಎಂದು ಅವನ ಕೈ ಹಿಡಿದಿದೆ. ಅದರಿಂದ ಮನೆಗೆ ಬಂದ ಗಾಂಭೀರ್ಯ ಮೂಲದಲ್ಲಿಲ್ಲ. ಅಲ್ಲಿ ಇಟ್ಟಿಗೆಗೆ ಸಿಮೆಂಟು ಬಳಿದು ಕಲ್ಲಿನ ವೇಷ ಹಾಕಿದ್ದರೆ ಇಲ್ಲಿ ಕಲ್ಲೇ ಇದೆ. ನಕಲು ಎನಿಸಿಕೊಂಡದ್ದು ಸಾಮಗ್ರಿಯ ವಿಷಯದಲ್ಲಿ ಮೂಲಕ್ಕಿಂತ ಪ್ರಾಮಾಣಿಕವಾಗಿದೆ. ಪ್ರವಾಸಿ ಮಾಹಿತಿಯಲ್ಲಿ ಈ ಒಂದು ಸಾಲು ಇದ್ದರೆ ಸಾಕಿತ್ತು.

ಎರಡನೆಯದು ವರಾಂಡ. ಇದು ಮಳೆಗಾಲದ ಮನೆ ಎಂಬುದನ್ನು ಮರೆತರೆ ಈ ಕಟ್ಟಡ ಅರ್ಥವಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಗೋಡೆಯ ಕೆಲಸ ಇದ್ದ ಬಿಸಿಲನ್ನೆಲ್ಲ ಕಿಟಕಿಯಿಂದ ಒಳಗೆ ಕರೆದುಕೊಳ್ಳುವುದು. ಪುಣೆಯಲ್ಲಿ ಅದರ ಕೆಲಸ ಜೂನಿನಿಂದ ಸೆಪ್ಟೆಂಬರಿನವರೆಗೆ ಪಶ್ಚಿಮದಿಂದ ಬೀಸುವ ಇರಚಲನ್ನು ಹೊರಗೇ ತಡೆದು, ಗಾಳಿಯನ್ನು ಮಾತ್ರ ಬಿಟ್ಟುಕೊಳ್ಳುವುದು. ಆಸ್ಬರ್ನಿನಲ್ಲಿ ಅಂದಕ್ಕೆ ಇದ್ದ ಕಮಾನಿನ ಸಾಲು ಇಲ್ಲಿ ಅಗತ್ಯವಾಯಿತು. ಕೋಣೆಯ ಮುಂದೆ ಹರಿಯುವ ಕಮಾನಿನ ಪಡಸಾಲೆಯ ಹಿಂದೆ ನಿಜವಾದ ಗೋಡೆ ನೆರಳಲ್ಲಿ ಅಡಗುತ್ತದೆ. ಈ ನೆರಳೇ ಕಟ್ಟಡದ ಅತ್ಯುತ್ತಮ ಭಾಗ. ಕಮಾನಿನ ಅಂಚಿನಲ್ಲಿ ಬೆಳಕು ಕತ್ತರಿಸಿದಂತೆ ನಿಲ್ಲುತ್ತದೆ, ಅದರಾಚೆ ಎರಡು ಹೆಜ್ಜೆಗೆ ತಂಪು. ವಾಡೆಯ ಅಂಗಳದ ಸುತ್ತ ಒಳಗಿದ್ದ ಪಡಸಾಲೆಯನ್ನು ತೆಗೆದು ಹೊರಮೈಗೆ ಸುತ್ತಿದಂತಿದೆ. ಟ್ರಬ್‌ಷಾ ಹಾಗೆ ಯೋಚಿಸಿದ್ದ ಎಂದು ಹೇಳುತ್ತಿಲ್ಲ. ಮಳೆಯೇ ಹೀಗೆ ಮಾಡಿಸಿತು.

ಹೀಗೆ ಕಲ್ಲು, ಮಳೆ ಎರಡೂ ಸೇರಿ ಮನೆಯನ್ನು ತಿದ್ದಿದವು. ದೂರವನ್ನು ಯಾರೂ ತಿದ್ದಲಿಲ್ಲ. ದೂರಕ್ಕೆ ದಾರಿ ಬೇಕು. ಊರಿನಿಂದ ಹೊರಗೆ, ಗುಡ್ಡದ ಕಣಿವೆಯ ಬಳಿ ಮನೆ ಕಟ್ಟಿದರೆ ಅಲ್ಲಿಗೆ ಹೋಗಿಬರುವ ಸಾರೋಟುಗಳು ನಿರ್ಜನ ರಸ್ತೆಯಲ್ಲೇ ಹಾಯಬೇಕು. (ಮರಾಠಿಯ 'ಖಿಂಡ್' ಎಂದರೆ ಗುಡ್ಡಗಳ ನಡುವಿನ ಕಿರುದಾರಿ. ನನ್ನ ಕಿವಿಗೆ ಅದು ನಮ್ಮ 'ಕಿಂಡಿ'ಯ ನೆಂಟನಂತೆಯೇ ಕೇಳಿಸುತ್ತದೆ.) 1897ರ ಜೂನ್ 22ರ ರಾತ್ರಿ ಈ ಮನೆಯಲ್ಲಿ ವಿಕ್ಟೋರಿಯಾ ರಾಣಿ ಸಿಂಹಾಸನವೇರಿದ ಅರವತ್ತನೇ ವರ್ಷದ ಸಂಭ್ರಮ. ಆಸ್ಬರ್ನಿನ ಯಜಮಾನಿಯ ಹಬ್ಬ, ಆಸ್ಬರ್ನಿನ ನಕಲಿನಲ್ಲಿ. ಪ್ಲೇಗು ನಿಯಂತ್ರಣದ ಹೆಸರಿನಲ್ಲಿ ಸೈನಿಕರನ್ನು ಮನೆಮನೆಗೆ ನುಗ್ಗಿಸಿದ್ದ ಅಧಿಕಾರಿ ರ‍್ಯಾಂಡ್ ಅಲ್ಲಿಂದ ಹಿಂದಿರುಗುವಾಗ ಚಾಪೇಕರ್ ಸಹೋದರರು ಗಣೇಶಖಿಂಡ ರಸ್ತೆಯ ಕತ್ತಲಲ್ಲಿ ಕಾಯುತ್ತಿದ್ದರು. ಲೆಫ್ಟಿನೆಂಟ್ ಆಯರ್ಸ್ಟ್ ಸ್ಥಳದಲ್ಲೇ ಸತ್ತ. ರ‍್ಯಾಂಡ್ ಜುಲೈ 3ರಂದು. ಇದನ್ನು ಸ್ವಾತಂತ್ರ್ಯ ಹೋರಾಟದ ಕತೆಯಾಗಿ ನಾವೆಲ್ಲ ಓದಿದ್ದೇವೆ. ವಾಸ್ತುವಿನ ಕತೆಯಾಗಿಯೂ ಓದಬಹುದು. ರಕ್ಷಣೆಗೆಂದು ಇಟ್ಟುಕೊಂಡ ದೂರವೇ ಆ ರಾತ್ರಿ ಕೈಕೊಟ್ಟಿತು. ವಾಡೆಯ ದಿಡ್ಡಿ ಬಾಗಿಲಿನಲ್ಲಿ ಒಬ್ಬ ಕಾವಲುಗಾರ ಸಾಕು. ಮೈಲುಗಟ್ಟಲೆ ರಸ್ತೆಯನ್ನು ಕಾಯುವವರು ಯಾರು?

ಆ ಹಬ್ಬಕ್ಕೆ ಮೂರು ತಿಂಗಳ ಮೊದಲು, ಅದೇ ವರ್ಷದ ಮಾರ್ಚ್ 10ರಂದು, ಪ್ಲೇಗು ರೋಗಿಗಳ ಆರೈಕೆ ಮಾಡುತ್ತ ತಮಗೂ ರೋಗ ತಗುಲಿ ಸಾವಿತ್ರಿಬಾಯಿ ಫುಲೆ ತೀರಿಕೊಂಡಿದ್ದರು. ಈ ಮನೆ ಇಂದು ಅವರ ಹೆಸರಿನ ವಿದ್ಯಾಪೀಠದ್ದು. 2022ರಿಂದ ಅವರ ಪ್ರತಿಮೆಯೂ ಮುಖ್ಯ ಕಟ್ಟಡದ ಆವರಣದಲ್ಲಿದೆ.

ವಿದ್ಯಾಪೀಠ ಇಲ್ಲಿಗೆ ಬಂದದ್ದು 1949ರಲ್ಲಿ. ಎಂ. ಆರ್. ಜಯಕರ್ ಮೊದಲ ಕುಲಪತಿ. ಅದೇ ವರ್ಷ ಅದೇ ಮುಂಬೈ ಸರ್ಕಾರ ಹುಟ್ಟಿಸಿದ ಇನ್ನೊಂದು ಕೂಸು ನಮ್ಮ ಕರ್ನಾಟಕ ವಿಶ್ವವಿದ್ಯಾಲಯ. ಮುಂಬೈಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂತು. ಧಾರವಾಡದ ಕರ್ನಾಟಕ ಕಾಲೇಜಿನ ಹಳೆಯ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿತ್ತು. ಕಚೇರಿಯನ್ನು ಕಾಲೇಜು ಮಾಡುವುದು ಅಷ್ಟು ಕಷ್ಟವಲ್ಲ. ಸಾಲು ಕೋಣೆ, ಉದ್ದ ವರಾಂಡ ಎರಡಕ್ಕೂ ಸರಿಹೊಂದುತ್ತದೆ. ಒಬ್ಬ ಮನುಷ್ಯನ ಸುತ್ತ ಕಟ್ಟಿದ ಮನೆಯನ್ನು ಸಾವಿರಾರು ವಿದ್ಯಾರ್ಥಿಗಳ ಮನೆಯಾಗಿಸುವುದು ಬೇರೆ ಮಾತು. ಇಲ್ಲಿ ಆಗಿದ್ದೇನೆಂದರೆ ಆಡಳಿತ ಬಂದು ಗವರ್ನರರ ಜಾಗದಲ್ಲಿ ಕೂತಿತು, ಪಾಠ ಪ್ರವಚನಗಳು ಸುತ್ತಲಿನ 411 ಎಕರೆಯಲ್ಲಿ ಚದುರಿಕೊಂಡ ಹೊಸ ಕಟ್ಟಡಗಳಿಗೆ ಹೋದವು. ಒಳಗಿನ ಸಭಾಂಗಣಕ್ಕೆ ಸಂತ ಜ್ಞಾನೇಶ್ವರರ ಹೆಸರು ಬಂತು. ಸಂಶೋಧನೆಗೆಂದು ಕನ್ನಡನಾಡಿನಿಂದ ಬಂದವರು ಎಷ್ಟೋ ಮಂದಿ. ಡಿ. ಎನ್. ಶಂಕರ ಭಟ್ಟರ ಡಾಕ್ಟರೇಟು ಇದೇ ವಿದ್ಯಾಪೀಠದ್ದು. ಆದರೆ ಭಟ್ಟರಾಗಲಿ, ಎ. ಕೆ. ರಾಮಾನುಜನ್ ಆಗಲಿ ಭಾಷಾಶಾಸ್ತ್ರದಲ್ಲಿ ತೊಡಗಿದ್ದು ಊರಿನ ಇನ್ನೊಂದು ದಿಕ್ಕಿನ ಡೆಕ್ಕನ್ ಕಾಲೇಜಿನಲ್ಲಿ. 1864ರಲ್ಲೇ ಅಡಿಗಲ್ಲು ಹಾಕಿದ ಕಟ್ಟಡ ಅದು, ಜಮ್ಶೇಟ್‌ಜೀ ಜೀಜೀಭಾಯ್ ದಾನದಿಂದ, ವಿಲ್ಕಿನ್ಸ್ ಎಂಬ ಎಂಜಿನಿಯರನ ಗಾಥಿಕ್ ಶೈಲಿಯಲ್ಲಿ. ಹುಟ್ಟಿದಾಗಿನಿಂದ ಕಾಲೇಜಾಗಿಯೇ ಇದ್ದ ಕಟ್ಟಡದಲ್ಲಿ ಮೆಟ್ಟಿಲೇ ನಿಮ್ಮನ್ನು ಒಳಗೆ ಕರೆಯುತ್ತದೆ. ಗಣೇಶಖಿಂಡದ ಪೋರ್ಟಿಕೊ ಇಂದಿಗೂ ಸಾರೋಟಿನಿಂದ ಇಳಿಯುವವರನ್ನೇ ಕಾಯುತ್ತಿರುವಂತೆ ಕಾಣುತ್ತದೆ. ಮಾರ್ಕ್ಸ್ ಕಾರ್ಡಿಗೋ ಮೈಗ್ರೇಶನ್ ಸರ್ಟಿಫಿಕೇಟಿಗೋ ಗೇಟಿನಿಂದ ನಡೆದುಬರುವ ಹುಡುಗಿಗೆ ಆ ದೂರ ಇಂದಿಗೂ ದೂರವೇ.

ಆಸ್ಬರ್ನಿನ ಗತಿಯೂ ಕುತೂಹಲದ್ದೇ. 1901ರ ಜನವರಿಯಲ್ಲಿ ರಾಣಿ ಅಲ್ಲೇ ತೀರಿಕೊಂಡಳು. ಮಗ ಏಳನೇ ಎಡ್ವರ್ಡನಿಗೆ ಆ ಮನೆ ಬೇಕಿರಲಿಲ್ಲ, ದೇಶಕ್ಕೆ ಬಿಟ್ಟುಕೊಟ್ಟ. ಆವರಣದಲ್ಲಿ ಕೆಲಕಾಲ ನೌಕಾದಳದ ಶಾಲೆ ನಡೆಯಿತು. ಅದಕ್ಕೂ ಮೊದಲೇ, 1890ರ ಸುಮಾರಿಗೆ, ಲಾಹೋರಿನ ಭಾಯಿ ರಾಮ್ ಸಿಂಗ್ ಅಲ್ಲಿಗೆ ಹೋಗಿ, ಲಾಕ್‌ವುಡ್ ಕಿಪ್ಲಿಂಗ್ ಜೊತೆ ಯೋಜಿಸಿದ 'ದರ್ಬಾರ್ ರೂಮ್' ಕಟ್ಟಿಕೊಟ್ಟಿದ್ದರು. ಗೋಡೆ, ಛಾವಣಿ ತುಂಬ ಪಂಜಾಬಿನ ಕುಸುರಿ, ಎಲ್ಲ ಗಾರೆಯಲ್ಲಿ. ಅಲ್ಲಿ ಭಾರತದ ನಕಲು, ಇಲ್ಲಿ ಆಸ್ಬರ್ನಿನ ನಕಲು; ನೋಡಲು ಹೋಗಬೇಕಾದದ್ದು ಅಲ್ಲಿಯ ಆ ಕೋಣೆಯನ್ನೇ ಎನ್ನುತ್ತಾರೆ.

ಬೆಂಗಳೂರು ಅರಮನೆಯ ಮಾತು ಇಲ್ಲಿ ಬರಬೇಕಾಗಿತ್ತು. ಗ್ಯಾರೆಟ್ ಎಂಬ ಪಾದ್ರಿಯ ಆಸ್ತಿಯನ್ನು 1873ರಲ್ಲಿ ಬಾಲಕ ಚಾಮರಾಜೇಂದ್ರ ಒಡೆಯರಿಗಾಗಿ ಕೊಂಡು ಟ್ಯೂಡರ್ ಶೈಲಿಗೆ ಬೆಳೆಸಿದ್ದು. ಅದಕ್ಕೂ ಜನ 'ವಿಂಡ್ಸರ್ ಕೋಟೆಯ ನಕಲು' ಎನ್ನುತ್ತಾರೆ. ನಮ್ಮಲ್ಲಿ ಎಲ್ಲದಕ್ಕೂ ಒಂದು ಮೂಲ ಇಂಗ್ಲೆಂಡಿನಲ್ಲಿರಲೇಬೇಕು. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಇದೇ ಆವರಣದಲ್ಲಿ, ಮುಖ್ಯ ಕಟ್ಟಡಕ್ಕೆ ಉತ್ತರ ಕೊಟ್ಟಂತಿರುವ ಇನ್ನೊಂದು ಕಟ್ಟಡವಿದೆ. ಜಯಂತ ನಾರಳೀಕರ್ 1988ರಲ್ಲಿ ಕಟ್ಟಿ ಬೆಳೆಸಿದ ಖಗೋಳ ವಿಜ್ಞಾನ ಕೇಂದ್ರ ಅಯುಕಾ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಕಲ್ಲು ಅದೇ ಕಪ್ಪು ಬಸಾಲ್ಟ್. ಆದರೆ ಕೊರಿಯಾ ಗೋಪುರ ಎಬ್ಬಿಸಲಿಲ್ಲ. ನಡುವೆ ಕಲ್ಯಾಣಿಯಂತೆ ಮೆಟ್ಟಿಲಿಳಿಯುವ ತೆರೆದ ಅಂಗಳ ಮಾಡಿ, ಆರ್ಯಭಟ, ಗೆಲಿಲಿಯೊ, ನ್ಯೂಟನ್, ಐನ್‌ಸ್ಟೈನರ ಪ್ರತಿಮೆಗಳನ್ನು ಅಲ್ಲಿ ತಂದಿರಿಸಿದರು. ವಾಡೆಯ ಅಂಗಳ ಮರಳಿ ಬಂತು, ಈ ಸಲ ಮೇಲಿನ ಆಕಾಶಕ್ಕಾಗಿ. ಪ್ರತಿಮೆಗಳು ತುಸು ಶಾಲೆಯ ಪ್ರದರ್ಶನದಂತಿವೆ ಎಂಬುದು ನನ್ನ ತಕರಾರು. ಆದರೂ ಒಂದೇ ಕಲ್ಲಿನಿಂದ ಒಂದು ಕಟ್ಟಡ ಜನರನ್ನು ಹೇಗೆ ದೂರವಿಡುತ್ತದೆ, ಇನ್ನೊಂದು ಹೇಗೆ ಕೂಡಿಸುತ್ತದೆ ಎಂದು ನೋಡಲು ಈ ಎರಡರ ನಡುವೆ ನಡೆದುಹೋದರೆ ಸಾಕು.

ಹಿಂಜವಡಿಗೆ ಹೋಗಿಬರುವ ನಮ್ಮಲ್ಲಿ ಹೆಚ್ಚಿನವರು ಈ ಮನೆಯ ಬೇಲಿಯ ಪಕ್ಕದಲ್ಲೇ ದಿನಕ್ಕೆರಡು ಸಲ ಸಿಕ್ಕಿಬೀಳುತ್ತೇವೆ. ವಿದ್ಯಾಪೀಠ ಚೌಕದ ಮೇಲ್ಸೇತುವೆಯನ್ನು 2020ರಲ್ಲಿ ಕೆಡವಿ, ಮೆಟ್ರೋ ಸಹಿತ ಹೊಸತನ್ನು ಕಟ್ಟಿದರು. ಗವರ್ನರರ ನಿರ್ಜನ ರಸ್ತೆ ಈಗ ಊರಿನ ಅತಿ ಇಕ್ಕಟ್ಟಿನ ರಸ್ತೆ. ಒಮ್ಮೆ ಬೈಕು ಒಳಗೆ ತಿರುಗಿಸಿ. ಜುಲೈಯಲ್ಲಿ ಹೋಗಿ, ಡಿಸೆಂಬರಿನಲ್ಲಿ ಬೇಡ. ನೆನೆದಾಗ ಆ ಬೂದುಕಲ್ಲು ಎಮ್ಮೆಯ ಬೆನ್ನಿನಂತೆ ಕಪ್ಪಗೆ ಹೊಳೆಯುತ್ತದೆ. ಗೋಪುರದ ತುದಿ ಮೋಡದ ಬಣ್ಣದಲ್ಲಿ ಕಲಸಿಹೋಗುತ್ತದೆ, ಅದರಿಂದ ನಷ್ಟವೇನಿಲ್ಲ. ಕಮಾನಿನ ಕೆಳಗೆ ಮಳೆ ನಿಲ್ಲುವುದನ್ನು ಕಾಯುತ್ತ ನಾಲ್ಕಾರು ವಿದ್ಯಾರ್ಥಿಗಳು ನಿಂತಿರುತ್ತಾರೆ, ಯಾರದೋ ಕೊಡೆಯಿಂದ ನೆಲದ ಮೇಲೆ ನೀರಿಳಿದು ಹರಿದಿರುತ್ತದೆ.